ಹಕ್ಕಿ ನೋಡುವ ಗುಂಪಿನ ಒಳಗೆ ಯಾರು, ಹೊರಗೆ ಯಾರು? ಹಿಂದೂಪುರ–ಕಲ್ಯಾಣದುರ್ಗ ಸೀಮೆಯನ್ನು ಮುಂದಿಟ್ಟುಕೊಂಡು

ಸ್ಲೈಡ್ ಕಾಣಿಸ್ತಿದೆ ಅಂದ್ಕೋತೀನಿ. ಇವತ್ತಿನ ಪ್ರಶ್ನೆ ಚಿಕ್ಕದು. ಹಕ್ಕಿ ವೀಕ್ಷಕರ ಗುಂಪಿಗೆ ಹೊಸಬರು ಬರ್ತಾರೆ. ಎರಡು ಭಾನುವಾರ ಕಳೆದ ಮೇಲೆ ಯಾಕೆ ಬರೋದಿಲ್ಲ? 'ಆಸಕ್ತಿ ಇರಲಿಲ್ಲ' ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ನನ್ನ ವಾದ ಬೇರೆ. ಅವರು ಜೊತೆಗೆ ತಂದ ತಿಳಿವಳಿಕೆಗೆ ಗುಂಪಿನಲ್ಲಿ ಜಾಗ ಸಿಗದಿದ್ದಾಗ ಹೊರಟುಹೋಗುತ್ತಾರೆ. ಅದರ ನಷ್ಟ ಹಕ್ಕಿ ಅಧ್ಯಯನಕ್ಕೂ ತಟ್ಟುತ್ತದೆ.

ಇದಕ್ಕೆ ರಾಯಲಸೀಮೆಯಲ್ಲೇ ಒಂದು ಸಾಕ್ಷಿ ಇದೆ. ಟಿ. ಸಿ. ಜೆರ್ಡನ್ ಪತ್ತೆ ಮಾಡಿದ, ಎಡ್ವರ್ಡ್ ಬ್ಲೈತ್ 1848ರಲ್ಲಿ ವಿವರಿಸಿದ 'ಜೆರ್ಡನ್ಸ್ ಕೋರ್ಸರ್' ಹಕ್ಕಿ 1900ರ ನಂತರ ಯಾರ ಕಣ್ಣಿಗೂ ಬೀಳಲಿಲ್ಲ, ಅಳಿದೇಹೋಯಿತು ಎಂದುಕೊಂಡಿದ್ದರು. 1986ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅವರ ಹುಡುಕಾಟದ ಕಾಲದಲ್ಲಿ ಅದು ಕಡಪ ಜಿಲ್ಲೆಯಲ್ಲಿ ಮತ್ತೆ ಸಿಕ್ಕಿತು. ಅದನ್ನು ಮೊದಲು ಹಿಡಿದವರು ಹಕ್ಕಿ ಹಿಡಿಯುವ ಕಸುಬಿನ ಒಬ್ಬ ಸ್ಥಳೀಯರು, ಅದೂ ರಾತ್ರಿ ಹೊತ್ತಲ್ಲಿ. ಅದು ಇರುಳಿನಲ್ಲಿ ಓಡಾಡುವ ಹಕ್ಕಿ. ತೆಲುಗಿನಲ್ಲಿ ಅದರ ಹೆಸರು 'ಕಲಿವಿ ಕೋಡಿ', ಅಂದರೆ ಕಲಿವಿ ಪೊದೆಯ ಕೋಳಿ. ಗಮನಿಸಿ: ಇಂಗ್ಲಿಷ್ ಹೆಸರು ಅದನ್ನು ಯಾರು ಪತ್ತೆ ಮಾಡಿದರು ಅಂತ ಹೇಳುತ್ತೆ, ಊರಿನ ಹೆಸರು ಅದನ್ನು ಎಲ್ಲಿ ಹುಡುಕಬೇಕು ಅಂತ ಹೇಳುತ್ತೆ.

ಈಗ ನಮ್ಮ ಸೀಮೆಗೆ ಬರೋಣ. 2022ರ ಜಿಲ್ಲಾ ವಿಂಗಡಣೆಯ ನಂತರ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಎರಡೂ ಕಡೆ ತೆಲುಗಿನ ಜೊತೆ ಕನ್ನಡವೂ ನಡೆಯುತ್ತದೆ. ಹಿಂದೂಪುರದ ಹತ್ತಿರ, ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ವರ್ಷವರ್ಷವೂ ಬಂದು, ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಕಥೆಯೂ ಇದೇ. ಅಲ್ಲಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಹಿಕ್ಕೆಯ ವಾಸನೆ, ಹುಣಸೆ ಫಸಲಿನ ನಷ್ಟ, ಎಲ್ಲಾ ಅವರ ಪಾಲಿಗೆ. 2017ರ ಕೊನೆಯಿಂದ 2018ರ ಆರಂಭದವರೆಗೆ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಸಾಲಾಗಿ ಸತ್ತವು, ಪರೀಕ್ಷೆಯಲ್ಲಿ ಜಂತುಹುಳು ಕಂಡುಬಂತು. ಇಂಥ ಹೊತ್ತಲ್ಲಿ ಮರದ ಕೆಳಗೇ ಇರುವವರು ಊರಿನವರು. ತಿಂಗಳಿಗೊಮ್ಮೆ ದುರ್ಬೀನು ಹಿಡಿದು ಹೋಗುವ ನಾವಲ್ಲ. ಆದರೆ ನಮ್ಮ ಗುಂಪುಗಳಲ್ಲಿ ಅವರು ಸದಸ್ಯರಾಗಿರೋದು ಎಷ್ಟು ಅಪರೂಪ!

ಹಾಗಾದ್ರೆ ಏನು ಮಾಡಬೇಕು? ನಾಲ್ಕು ವಿಷಯ ಹೇಳ್ತೀನಿ.

ಮೊದಲನೆಯದು, ಹೆಸರು. ಹೊಸಬರು 'ಕೊಕ್ಕರೆ' ಅಂದ ತಕ್ಷಣ 'ಅಲ್ಲ, ಪೇಂಟೆಡ್ ಸ್ಟಾರ್ಕ್' ಅಂತ ತಿದ್ದಬಾರದು. ಅವರು ತಪ್ಪು ಹೇಳಿಲ್ಲ.

ಎರಡನೆಯದು, ಸಮಯ ಮತ್ತು ಜಾಗ. ಬೆಳಗಿನ ಜಾವ ಊರಾಚೆಯ ಕೆರೆ ಏರಿ ಹತ್ತಿರ ಸೇರೋಣ ಅಂದ್ರೆ ಒಬ್ಬಂಟಿ ಹೆಣ್ಣುಮಗಳು ಹೇಗೆ ಬರಬೇಕು? ಬಸ್ ನಿಲ್ದಾಣದಲ್ಲಿ ಸೇರಿ ಒಟ್ಟಿಗೆ ಹೋಗೋದು, ಶೌಚಾಲಯ ಇರುವ ದಾರಿ ಆರಿಸೋದು ಸಣ್ಣ ವಿಷಯ ಅಲ್ಲ.

ಮೂರನೆಯದು, ಸಲಕರಣೆ. ನಾಲ್ವರಿಗೊಂದು ದುರ್ಬೀನು ಸಾಕು, ಕೈ ಬದಲಾಗ್ತಾ ಹೋಗಲಿ. ದೊಡ್ಡ ಲೆನ್ಸಿನವರು ಮುಂದೆ, ಉಳಿದವರು ಹಿಂದೆ ಅನ್ನೋ ಪದ್ಧತಿ ಬೇಡ. ದನಿಯಿಂದಲೇ ಹಕ್ಕಿ ಗುರುತಿಸುವವರಿಗೆ ದುರ್ಬೀನೇ ಬೇಡ.

ನಾಲ್ಕನೆಯದು ಸ್ವಲ್ಪ ಕಷ್ಟದ್ದು. ಕುರಿ ಕಾಯುವವರಿಗೆ ಟಿಟ್ಟಿಭ ನೆಲದಲ್ಲಿ ಎಲ್ಲಿ ಮೊಟ್ಟೆ ಇಡುತ್ತೆ ಗೊತ್ತು. ಹಿಂದೆ ಬಲೆ ಹಾಕುತ್ತಿದ್ದ ಮನೆಯವರಿಗೆ ಇನ್ನೂ ಹೆಚ್ಚು ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಭಯ. ಹಿಡಿಯೋದನ್ನು ಒಪ್ಪಬೇಕಿಲ್ಲ. ಕಡಪದಲ್ಲಿ ಹಿಡಿದ ಆ ಹಕ್ಕಿಯೂ ಬದುಕಲಿಲ್ಲ. ಆದರೆ ಹೇಳಲು ಬಂದವರನ್ನು ಆರೋಪಿಯ ಹಾಗೆ ನೋಡಿದರೆ ಆ ತಿಳಿವಳಿಕೆ ಅವರ ಜೊತೆಗೇ ಮುಗಿದುಹೋಗುತ್ತೆ. ತೋರಿಸಿಕೊಟ್ಟವರ ಹೆಸರನ್ನು, ಅವರು ಒಪ್ಪಿದರೆ, ವರದಿಯಲ್ಲಿ ಬರೆಯೋಣ. ಗೂಡಿನ ಜಾಗವನ್ನು ಮಾತ್ರ ಎಲ್ಲರಿಗೂ ಸಾರೋದು ಬೇಡ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಊರಿನ ಹೆಸರು ಬಳಸಿದರೆ ದತ್ತಾಂಶದ ನಿಖರತೆ ಕೆಡೋದಿಲ್ವಾ?

ಒಳ್ಳೆ ಪ್ರಶ್ನೆ. ಕನ್ನಡದ 'ಕೊಕ್ಕರೆ', ತೆಲುಗಿನ 'ಕೊಂಗ' ಎರಡೂ ಒಂದಕ್ಕಿಂತ ಹೆಚ್ಚು ಜಾತಿಗೆ ಸಲ್ಲುತ್ತವೆ, ನಿಜ. ಅದಕ್ಕೆ ಪರಿಹಾರ ಇನ್ನೊಂದು ಪ್ರಶ್ನೆ: 'ಕೊಕ್ಕು ಯಾವ ಬಣ್ಣ? ಮರದಲ್ಲಿತ್ತೋ, ನೀರಲ್ಲಿತ್ತೋ?' ಉತ್ತರ ಬಂದ ಮೇಲೆ ವೈಜ್ಞಾನಿಕ ಹೆಸರಿನ ಪಕ್ಕದಲ್ಲೇ ಊರಿನ ಹೆಸರನ್ನೂ ಬರೆದುಕೊಳ್ಳಿ. ಪಟ್ಟಿಯೂ ಸರಿಯಾಗುತ್ತೆ, ಮನುಷ್ಯರೂ ಉಳಿಯುತ್ತಾರೆ. ತಿದ್ದಿಸಿಕೊಂಡವರು ಮುಂದಿನ ಭಾನುವಾರ ಬರಲಿಕ್ಕಿಲ್ಲ, ಕೇಳಿಸಿಕೊಂಡವರು ಬರುತ್ತಾರೆ.

ಇಷ್ಟು ಹೇಳಿ ಮುಗಿಸ್ತೀನಿ. ಚರ್ಚೆಗೆ ಸ್ವಾಗತ.