ಕಿಂಡಿಯೊಳಗೆ ಬಂದ ಕೈ

ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಕಡೆ ನನ್ನ ಸೋದರಮಾವನ ತೋಟವಿದೆ. ಭತ್ತ ಬಡಿದು ಒಳಗೆ ತುಂಬಿಸಿ, ಕಾಫಿ ಕೊಯ್ಲು ಶುರುವಾಗಿದ್ದ ದಿನಗಳು. ಒಂದು ಬೆಳಿಗ್ಗೆ ನೋಡಿದರೆ ಗೋಡೌನಿನ ಹಿಂಬದಿಯ ಕಿಟಕಿಯ ಮರದ ಸರಳು ಮುರಿದು ಬಿದ್ದಿತ್ತು. ಕಿಟಕಿ ಎಂದರೆ ಒಂದೂವರೆ ಅಡಿ ಅಗಲದ ಕಿಂಡಿ, ಅಷ್ಟೆ. ಅದರ ಕೆಳಗೆ ಮೊರದಗಲದ ಹೆಜ್ಜೆಗಳು, ಸೀಳಿದ ಚೀಲ, ಚೆಲ್ಲಿದ ಭತ್ತ.

ಒಳಗೆ ಹೋದೆವು. ಕಿಂಡಿಯ ಪಕ್ಕದಲ್ಲೇ ಗೋಡೆಗೆ ಒರಗಿಸಿದ್ದ ಯೂರಿಯಾ ಚೀಲಗಳು ಅಲುಗಾಡಿರಲಿಲ್ಲ. ಅವುಗಳ ಮೇಲಿಟ್ಟಿದ್ದ ಗಾಜಿನ ಬಾಟಲಿ ಇಟ್ಟ ಹಾಗೇ ಇತ್ತು. ಸುಣ್ಣದ ಗೋಡೆಯ ಮೇಲೆ ಮಾತ್ರ ಒದ್ದೆ ಮಣ್ಣಿನ ಒಂದು ಗೆರೆ. ಕಿಂಡಿಯಿಂದ ಇಳಿದು, ಯೂರಿಯಾ ಚೀಲಗಳನ್ನು ಬಳಸಿಕೊಂಡು, ಭತ್ತದ ಚೀಲವಿದ್ದ ಮೂಲೆಗೆ ಹೋಗಿ ನಿಂತಿತ್ತು.

“ಕತ್ತಲಲ್ಲಿ ಸೊಂಡಿಲು ಹಾಕಿ ತಡಕಿ, ಬೇಕಾದ್ದನ್ನ ಮಾತ್ರ ತಗಂಡು ಹೋಗಿದೆ ನೋಡಪ್ಪ,” ಎಂದರು ಮಾವ. ಆಮೇಲೆ ಅಂಗಿ ಎತ್ತಿ ಹೊಟ್ಟೆಯ ಮೇಲಿನ ನಾಲ್ಕು ಸಣ್ಣ ಗುರುತು ತೋರಿಸಿದರು. “ನಂಗೂ ಹಿಂಗೇ ಕಿಂಡಿ ಮಾಡೇ ಅಲ್ವಾ ಡಾಕ್ಟ್ರು ಪಿತ್ತಕೋಶ ತೆಗೆದಿದ್ದು?”

ಮಾತಿಗೆ ಮಾತು ಬಂದು ಹೇಳಿದ್ದು. ಆದರೆ ಇಪ್ಪತ್ತು ವರ್ಷಗಳಿಂದ ಜಗತ್ತಿನ ಹಲವು ಪ್ರಯೋಗಾಲಯಗಳು ತಲೆ ಕೆಡಿಸಿಕೊಂಡಿರುವುದು ಇದೇ ಹೋಲಿಕೆಯ ಬಗ್ಗೆ. ಸಣ್ಣ ಕಿಂಡಿಯಲ್ಲಿ ನುಗ್ಗಬೇಕು, ಅಡ್ಡ ಬಂದದ್ದನ್ನು ನೋಯಿಸದೆ ಬಳಸಿ ಹೋಗಬೇಕು, ಕಣ್ಣಿಗೆ ಕಾಣದ್ದನ್ನು ಮುಟ್ಟಿ ತಿಳಿಯಬೇಕು, ಹಿಡಿಯುವ ಹೊತ್ತಿಗೆ ಗಟ್ಟಿಯಾಗಿ ಹಿಡಿಯಬೇಕು. ಹೊಟ್ಟೆಯೊಳಗೆ ಕೆಲಸ ಮಾಡುವ ಸಾಧನಕ್ಕೂ ಸಮುದ್ರದ ತಳದಲ್ಲಿ ಹವಳ ಎತ್ತುವ ಯಂತ್ರಕ್ಕೂ ಬೇಕಾದ ಕೈ ಇಂಥದ್ದೇ.

ಆನೆಗೆ ನಮ್ಮ ಭಾಷೆಯಲ್ಲಿ ‘ಕರಿ’ ಎಂದೂ ‘ಹಸ್ತಿ’ ಎಂದೂ ಹೆಸರಿದೆ. ಎರಡಕ್ಕೂ ಕೈಯುಳ್ಳದ್ದು ಎಂದೇ ಅರ್ಥ. ಮೂಗು ಮತ್ತು ಮೇಲ್ದುಟಿ ಕೂಡಿ ಬೆಳೆದ ಈ ಕೈಯಲ್ಲಿ ಒಂದು ಮೂಳೆಯೂ ಇಲ್ಲ. ನಮ್ಮ ಇಡೀ ದೇಹದಲ್ಲಿರುವ ಸ್ನಾಯುಗಳು ಆರು ನೂರಕ್ಕೆ ಸ್ವಲ್ಪ ಹೆಚ್ಚು. ಬರ್ಲಿನ್ನಿನ ವಿಜ್ಞಾನಿಗಳು ಸತ್ತ ಏಷ್ಯಾದ ಆನೆಮರಿಯೊಂದರ ಸೊಂಡಿಲನ್ನು ಎಕ್ಸ್-ರೇ ಸ್ಕ್ಯಾನ್ ಮಾಡಿ ಎಣಿಸಿ, ಅದೊಂದರಲ್ಲೇ ಸುಮಾರು 90 ಸಾವಿರ ಸ್ನಾಯುಎಳೆಗಳ ಕಟ್ಟುಗಳಿವೆ ಎಂದು 2023ರಲ್ಲಿ ಪ್ರಕಟಿಸಿದರು. ಕೆಲವು ಉದ್ದಕ್ಕೆ, ಕೆಲವು ಅಡ್ಡಕ್ಕೆ, ಕೆಲವು ಹಗ್ಗ ಹೊಸೆದಂತೆ ಓರೆಯಾಗಿ. ಅತಿ ಸಣ್ಣ ಕಟ್ಟುಗಳು ತುದಿಯಲ್ಲಿವೆ, ಏಕೆಂದರೆ ನಾಜೂಕಿನ ಕೆಲಸವೆಲ್ಲ ಅಲ್ಲೇ.

ಮೂಳೆ ಇಲ್ಲದೆ ಬಲ ಎಲ್ಲಿಂದ ಬಂತು? ಚಪಾತಿ ಹಿಟ್ಟಿನ ಉಂಡೆಯನ್ನು ಅಂಗೈ ನಡುವೆ ಹೊಸೆಯಿರಿ. ದಪ್ಪ ಕಡಿಮೆಯಾದಷ್ಟೂ ಉದ್ದ ಹೆಚ್ಚುತ್ತದೆ, ಹಿಟ್ಟು ಮಾತ್ರ ಅಷ್ಟೇ ಇರುತ್ತದೆ. ಸ್ನಾಯುವಿನ ಬಹುಪಾಲು ನೀರು, ನೀರನ್ನು ಅದುಮಿ ಕುಗ್ಗಿಸಲಾಗದು. ಹಾಗಾಗಿ ಅಡ್ಡ ಸ್ನಾಯುಗಳು ಬಿಗಿದರೆ ಸೊಂಡಿಲು ನೀಳವಾಗುತ್ತದೆ. ಉದ್ದದ ಸ್ನಾಯುಗಳು ಒಂದು ಪಕ್ಕದಲ್ಲಿ ಮಾತ್ರ ಬಿಗಿದರೆ ಆ ಕಡೆಗೆ ಬಾಗುತ್ತದೆ. ಓರೆ ಸ್ನಾಯುಗಳು ಬಿಗಿದರೆ ತಿರುಚಿಕೊಳ್ಳುತ್ತದೆ. ಎಲ್ಲವೂ ಒಟ್ಟಿಗೆ ಬಿಗಿದರೆ ಮರದ ದಿಮ್ಮಿಯಷ್ಟು ಗಟ್ಟಿ. ನಮ್ಮ ನಾಲಿಗೆ, ಆಕ್ಟೋಪಸ್‌ನ ತೋಳು, ಆನೆಯ ಸೊಂಡಿಲು ಮೂರರ ಗುಟ್ಟೂ ಒಂದೇ ಎಂದು ಅಮೆರಿಕದ ವಿಲಿಯಂ ಕಿಯರ್ ಮತ್ತು ಕ್ಯಾಥ್ಲೀನ್ ಸ್ಮಿತ್ 1985ರಲ್ಲಿ ವಿವರಿಸಿದರು. ಮೃದು ರೋಬಾಟ್‌ಗಳನ್ನು ಕಟ್ಟುವವರು ಇಂದಿಗೂ ಮತ್ತೆ ಮತ್ತೆ ತೆರೆದು ನೋಡುವ ಪ್ರಬಂಧ ಅದು.

ಎಲ್ಲಿ ಬೇಕಾದರೂ ಬಾಗಬಲ್ಲ ಅಂಗವನ್ನು ಆಳುವುದು ಮಿದುಳಿಗೂ ಭಾರವೇ. ಜಿನೀವಾ ವಿಶ್ವವಿದ್ಯಾಲಯದ ಮಿಷೆಲ್ ಮಿಲಿಂಕೊವಿಚ್ ಅವರ ತಂಡ ಆಫ್ರಿಕಾದ ಆನೆಗಳ ಸೊಂಡಿಲಿಗೆ ಹೊಳೆಯುವ ಬಿಂದುಗಳನ್ನು ಅಂಟಿಸಿ, ಸಿನಿಮಾದವರು ನಟರ ಚಲನೆ ಹಿಡಿಯುವ ರೀತಿಯಲ್ಲೇ ಚಿತ್ರೀಕರಿಸಿತು. ಆನೆ ಕೆಲವೇ ಸರಳ ಚಲನೆಗಳನ್ನು ಜೋಡಿಸಿಕೊಂಡು ನೂರಾರು ಕೆಲಸ ಮಾಡುತ್ತದೆ, ಬೇಕಾದ ಕಡೆ ಸೊಂಡಿಲಿನ ಭಾಗವನ್ನು ಬಿಗಿಮಾಡಿ ಅಲ್ಲೊಂದು ತಾತ್ಕಾಲಿಕ ಮೊಣಕೈಯನ್ನೇ ಮಾಡಿಕೊಳ್ಳುತ್ತದೆ ಎಂದು 2021ರಲ್ಲಿ ಗೊತ್ತಾಯಿತು. ಅದೇ ವರ್ಷ ಅಮೆರಿಕದ ಜಾರ್ಜಿಯಾ ಟೆಕ್ ತಂಡ ಇನ್ನೊಂದು ಸಂಗತಿ ಅಳೆಯಿತು. ಸಣ್ಣ ವಸ್ತುಗಳನ್ನು ಆನೆ ಗಾಳಿ ಎಳೆದೇ ಎತ್ತಿಕೊಳ್ಳುತ್ತದೆ, ಆ ಗಾಳಿಯ ವೇಗ ಸೆಕೆಂಡಿಗೆ 150 ಮೀಟರ್. ಅಷ್ಟು ಬಿರುಸಿನಿಂದ ಎಳೆದರೂ ನಮ್ಮ ಹಪ್ಪಳದಂಥ ತೆಳು ತಿಂಡಿಯನ್ನು ಮುರಿಯದೆ ಎತ್ತಿತು ಪ್ರಯೋಗದ ಆನೆ.

ಈಗ ಮಾವನ ಹೊಟ್ಟೆಯ ಕಿಂಡಿಗೆ ಬರೋಣ. ಕಿಂಡಿ ಶಸ್ತ್ರಚಿಕಿತ್ಸೆಯ ಸಲಕರಣೆಗಳು ಉದ್ದನೆಯ ನೆಟ್ಟಗಿನ ಸರಳುಗಳು. ಅಮೆರಿಕದಲ್ಲಿ 2000ದಲ್ಲಿ ಅನುಮತಿ ಪಡೆದ ಡಾ ವಿಂಚಿ ರೋಬಾಟ್ ಅವುಗಳ ತುದಿಗೆ ಮಣಿಕಟ್ಟನ್ನು ಕೊಟ್ಟಿತು. ತುದಿ ತಿರುಗುತ್ತದೆ ನಿಜ, ಹಿಂದಿನ ಕೋಲು ಮಾತ್ರ ಕೋಲೇ. ಕರುಳಿನ ಮರೆಯ, ಯಕೃತ್ತಿನ ಹಿಂಬದಿಯ ಜಾಗಕ್ಕೆ ಹೋಗಬೇಕಾದರೆ ಅಡ್ಡವಿರುವ ಅಂಗವನ್ನು ಪಕ್ಕಕ್ಕೆ ಸರಿಸಬೇಕು, ಇಲ್ಲವೇ ಇನ್ನೊಂದು ಕಿಂಡಿ ತೆಗೆಯಬೇಕು.

ಯುರೋಪಿನಲ್ಲಿ 2012ರಿಂದ 2015ರವರೆಗೆ ನಡೆದ ಸ್ಟಿಫ್-ಫ್ಲಾಪ್ ಯೋಜನೆ ಈ ತೊಡಕನ್ನು ಬಿಡಿಸಲು ಹೊರಟಿತು. ಲಂಡನ್ನಿನ ಕಿಂಗ್ಸ್ ಕಾಲೇಜು, ಇಟಲಿಯ ಪೀಸಾದ ಸಂತ್ ಅನ್ನಾ ಸಂಸ್ಥೆ ಮುಂತಾದವು ಅದರಲ್ಲಿದ್ದವು. ಆಕ್ಟೋಪಸ್‌ನ ತೋಳು ಮತ್ತು ಆನೆಯ ಸೊಂಡಿಲು ಅವರ ಮಾದರಿ. ಅವರು ಸಿಲಿಕೋನ್‌ನಲ್ಲಿ ಬೆರಳಿನಂಥ ತೋಳನ್ನು ಎರಕ ಹೊಯ್ದು, ಒಳಗೆ ಉದ್ದಕ್ಕೂ ಗಾಳಿಯ ಕೋಣೆಗಳನ್ನಿಟ್ಟರು. ಒಂದು ಕೋಣೆಗೆ ಗಾಳಿ ತುಂಬಿದರೆ ಆ ಪಕ್ಕ ನೀಳವಾಗಿ ತೋಳು ಎದುರು ಪಕ್ಕಕ್ಕೆ ಬಾಗುತ್ತದೆ. ಎಲ್ಲಕ್ಕೂ ತುಂಬಿದರೆ ತೋಳೇ ಉದ್ದವಾಗುತ್ತದೆ. ಅಂಗಗಳ ನಡುವೆ ನುಸುಳಿ ಹೋಗಲು ಇದು ಒಳ್ಳೆಯ ಉಪಾಯ. ಆದರೆ ತಲುಪಿದ ಮೇಲೆ ಏನನ್ನಾದರೂ ಎತ್ತಿ ಹಿಡಿಯಬೇಕಾದರೆ ಮೃದು ತೋಳು ಜೋತುಬೀಳುತ್ತದೆ. ಬೇಕೆಂದಾಗ ಗಟ್ಟಿ, ಬೇಡವೆಂದಾಗ ಮೆತ್ತಗಾಗುವ ಉಪಾಯವೊಂದು ಬೇಕಿತ್ತು.

ಆ ಉಪಾಯ ಸಿಕ್ಕಿದ್ದು ಕಾಫಿಪುಡಿಯಲ್ಲಿ. ಗಾಳಿ ತೆಗೆದು ಕಟ್ಟಿದ ಕಾಫಿಪುಡಿ ಪೊಟ್ಟಣವೊಂದನ್ನು ತೆಗೆದುಕೊಳ್ಳಿ. ಕೈಯಲ್ಲಿ ಹಿಡಿದರೆ ಇಟ್ಟಿಗೆ, ಮೇಜಿನ ಮೇಲೆ ಕುಟ್ಟಿದರೆ ಠಕ್ ಎನ್ನುತ್ತದೆ. ಮೂಲೆಯನ್ನು ಕತ್ತರಿಸಿ. ಉಸ್ಸೆಂದು ಗಾಳಿ ಒಳಗೆ ಹೋಗುತ್ತದೆ, ಇಟ್ಟಿಗೆ ಕ್ಷಣದಲ್ಲಿ ಮೆತ್ತಗಿನ ಚೀಲವಾಗುತ್ತದೆ. ಪುಡಿ ಅದೇ, ಚೀಲವೂ ಅದೇ. ಗಾಳಿ ಇಲ್ಲದಾಗ ಹೊರಗಿನ ವಾತಾವರಣ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಷ್ಟು ಬಲದಿಂದ ಚೀಲವನ್ನು ಒತ್ತುತ್ತದೆ. ಒರಟು ಕಣಗಳು ಒಂದಕ್ಕೊಂದು ಕಚ್ಚಿಕೊಂಡು ಅಲ್ಲಾಡದಂತಾಗುತ್ತವೆ. ಗಾಳಿ ಬಂದರೆ ಕಣಗಳ ನಡುವಿನ ಹಿಡಿತ ಸಡಿಲಿ ಪುಡಿ ನೀರಿನಂತೆ ಹರಿಯುತ್ತದೆ.

2010ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಷಿಕಾಗೋ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ರಬ್ಬರ್ ಬಲೂನಿಗೆ ಕಾಫಿಪುಡಿ ತುಂಬಿ ಬೆರಳೇ ಇಲ್ಲದ ಒಂದು ಕೈ ಮಾಡಿದ್ದರು. ವಸ್ತುವಿನ ಮೇಲೆ ಬಲೂನನ್ನು ಒತ್ತಿದರೆ ಅದು ಆಕಾರಕ್ಕೆ ತಕ್ಕಂತೆ ಮೆತ್ತಿಕೊಳ್ಳುತ್ತದೆ, ಗಾಳಿ ಎಳೆದರೆ ಬಿಗಿಯಾಗುತ್ತದೆ. ಹಸಿ ಮೊಟ್ಟೆಯನ್ನೂ ಒಡೆಯದೆ ಎತ್ತಿತು ಆ ಕೈ. ಸ್ಟಿಫ್-ಫ್ಲಾಪ್ ತೋಳಿನ ನಡುವಿನ ಕೊಳವೆಗೂ ಕಾಫಿಪುಡಿಯೇ ಬಂತು. ತೋಳು ಮೆತ್ತಗೆ ಒಳಗೆ ಹೋಗಲಿ, ಜಾಗ ತಲುಪಿದ ಮೇಲೆ ಗಾಳಿ ಎಳೆದರೆ ಸೊಂಡಿಲು ಬಿಗಿದಂತೆ ಬಿಗಿಯಲಿ ಎಂಬ ಯೋಚನೆ. ಇದೇ ಯೋಜನೆಯ ಮೃದು ತೋಳೊಂದನ್ನು ಮೃತದೇಹಗಳ ಮೇಲಿನ ಪ್ರಾಯೋಗಿಕ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ವರದಿ 2017ರಲ್ಲಿ ಪ್ರಕಟವಾಯಿತು. ನಮ್ಮ ತೋಟಗಳಿಗೆ ನುಗ್ಗುವ ಪ್ರಾಣಿ, ಅದೇ ತೋಟಗಳಲ್ಲಿ ಬೆಳೆಯುವ ಬೀಜ, ಎರಡೂ ಒಂದೇ ಯಂತ್ರದಲ್ಲಿ ಕೂಡಿದ್ದನ್ನು ಓದಿದಾಗ ನನಗೆ ಆದ ಸಂತೋಷ ಸಣ್ಣದಲ್ಲ.

ಇಂಥ ಮೃದು ತೋಳಿನ ಕೆಲಸ ಬೆಂಗಳೂರಿನಲ್ಲೂ ನಡೆದಿದೆ, ಅದರ ಮೂಲ ಮಾತ್ರ ಹಳೆಯದು. 1950ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕ್‌ಕಿಬ್ಬನ್, ಪೋಲಿಯೊದಿಂದ ಕೈ ಸ್ವಾಧೀನ ತಪ್ಪಿದ್ದ ಮಗಳಿಗಾಗಿ ಒಂದು ಕೃತಕ ಸ್ನಾಯುವನ್ನು ರೂಪಿಸಿದ್ದರು. ರಬ್ಬರ್ ಕೊಳವೆಯ ಮೇಲೆ ಹೆಣೆದ ಜಾಲರಿ, ಅಷ್ಟೆ. ಗಾಳಿ ತುಂಬಿದರೆ ಕೊಳವೆ ಉಬ್ಬಿ ಗಿಡ್ಡವಾಗುತ್ತದೆ, ಅಂದರೆ ನಿಜವಾದ ಸ್ನಾಯುವಿನಂತೆ ಎಳೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಶಿತಾವ ಘೋಷಾಲ್ ಅವರ ತಂಡ ಇದನ್ನು ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಇಳಿಸಿತು. ಎಂಡೋಸ್ಕೋಪ್ ಮೂಲಕ ಒಳಗೆ ಹೋಗುವ ತೆಳು ನಳಿಕೆಯ ತುದಿಗೆ ಇಂಥ ಸ್ನಾಯುಗಳನ್ನು ಸುತ್ತಲೂ ಜೋಡಿಸಿದರೆ ಎಂಡೋಸ್ಕೋಪ್ ನಿಂತಲ್ಲೇ ಇದ್ದು ತುದಿ ಮಾತ್ರ ಬೇಕಾದ ಕಡೆ ಬಾಗುತ್ತದೆ. ಈಗ ಎಂಡೋಸ್ಕೋಪಿ ಮಾಡುವಾಗ ತುದಿಯ ಸಲಕರಣೆಯನ್ನು ಸ್ವಲ್ಪ ತಿರುಗಿಸಬೇಕಾದರೂ ವೈದ್ಯರು ಇಡೀ ಕೊಳವೆಯನ್ನು ಹೊರಳಿಸಬೇಕು. ನುಂಗಲಾರದೆ ಕೊಳವೆ ನುಂಗಿ ಮಲಗಿದವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಹೇಳಬೇಕಿಲ್ಲ.

ಸಮುದ್ರದ ಮಾತಿಗೂ ನಾವು ಮಲೆನಾಡನ್ನು ಬಿಟ್ಟು ದೂರ ಹೋಗಬೇಕಿಲ್ಲ. ಬಿಸಿಲೆ ಬಳಿಯ ಮಂಕನಹಳ್ಳಿಯ ದಿಣ್ಣೆಯ ಮೇಲೆ ಒಂದು ಕಲ್ಲು ನೆಟ್ಟಿದ್ದಾರೆ. ಅಲ್ಲಿ ಬಿದ್ದ ಮಳೆ ಒಂದು ಪಕ್ಕಕ್ಕೆ ಹರಿದರೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಇನ್ನೊಂದು ಪಕ್ಕಕ್ಕೆ ಹರಿದರೆ ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ. ಆ ನೀರು ಕೊನೆಗೆ ಸೇರುವ ಆಳದಲ್ಲಿ ಒತ್ತಡ ವಿಪರೀತ. 6000 ಮೀಟರ್ ಆಳದಲ್ಲಿ ಅದು ನೆಲದ ಮೇಲಿನ ಗಾಳಿಯ ಒತ್ತಡದ ಸುಮಾರು 600 ಪಟ್ಟು. ಅಷ್ಟು ಆಳಕ್ಕೆ ಮೂವರನ್ನು ಇಳಿಸಲು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸಿರುವ ಮತ್ಸ್ಯ 6000 ನೌಕೆಗೆ 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಗೋಳ ಬೇಕಾಯಿತು. ಮನುಷ್ಯ ಒಳಗೆ ಕೂರಬೇಕಾದಾಗ ಬೇರೆ ದಾರಿಯಿಲ್ಲ. ಯಂತ್ರ ಮಾತ್ರ ಹೋಗುವುದಾದರೆ?

ಚೀನಾದ ಝೇಜಿಯಾಂಗ್ ಪ್ರಾಂತ್ಯದ ವಿಜ್ಞಾನಿಗಳು 2021ರಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟರು. ಅತಿ ಆಳದಲ್ಲಿ ಬದುಕುವ ಬಸವನಮೀನಿನ ಮೈ ಲೋಳೆಯಂತಿದೆ, ಅದರ ತಲೆಬುರುಡೆಯೂ ಪೂರ್ತಿ ಕೂಡಿಕೊಂಡಿಲ್ಲ. ಅದನ್ನು ನೋಡಿ ಅವರು ಸಿಲಿಕೋನ್ ಮೈಯ, ಒಂದು ಗೇಣು ಉದ್ದದ ರೋಬಾಟ್ ಮಾಡಿದರು. ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಒಂದೇ ಕಡೆ ಒತ್ತಾಗಿ ಕೂರಿಸದೆ ದೂರದೂರ ಹರಡಿ ಸಿಲಿಕೋನ್‌ನಲ್ಲೇ ಹುದುಗಿಸಿದರು. ಟೊಳ್ಳು ಜಾಗವೇ ಇಲ್ಲದ ಮೇಲೆ ಒತ್ತಡ ಜಜ್ಜುವುದಾದರೂ ಏನನ್ನು? ಮರಿಯಾನಾ ಕಂದಕದಲ್ಲಿ 10,900 ಮೀಟರ್ ಆಳದಲ್ಲಿ ಆ ಪುಟ್ಟ ಯಂತ್ರ ರೆಕ್ಕೆ ಬಡಿಯಿತು, ಲೋಹದ ಕವಚವಿಲ್ಲದೆ.

ಆಳದ ಜೀವಿಗಳನ್ನು ಮುಟ್ಟುವುದಕ್ಕೂ ಮೆತ್ತನೆಯ ಕೈ ಬೇಕು. ಕಬ್ಬಿಣದ ಇಕ್ಕುಳದಲ್ಲಿ ಹಿಡಿದರೆ ಹವಳ ಮುರಿಯುತ್ತದೆ, ಜೆಲ್ಲಿಮೀನು ಹರಿದುಹೋಗುತ್ತದೆ. ಹಾರ್ವರ್ಡ್‌ನ ರಾಬರ್ಟ್ ವುಡ್ ಮತ್ತು ಸಾಗರ ಜೀವವಿಜ್ಞಾನಿ ಡೇವಿಡ್ ಗ್ರೂಬರ್ ಕೆಂಪು ಸಮುದ್ರದಲ್ಲಿ ಮೃದು ಬೆರಳುಗಳಿಂದ ಹವಳದ ಮಾದರಿಗಳನ್ನು ಎತ್ತಿದರು. ಮುಂದೆ 2019ರಲ್ಲಿ ಅವರ ತಂಡ ಶಾವಿಗೆಯಂಥ ಬೆರಳುಗಳಿಂದ ಜೆಲ್ಲಿಮೀನನ್ನು ಹಿಡಿಯಿತು. ಆ ಬೆರಳಿನ ಒತ್ತಡ ನಮ್ಮ ರೆಪ್ಪೆ ಕಣ್ಣಿನ ಮೇಲೆ ಹಾಕುವ ಒತ್ತಡದ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ.

ಇಷ್ಟಾದರೂ ಮೃದು ತೋಳುಗಳು ಇನ್ನೂ ಸೊಂಡಿಲಿನ ಹತ್ತಿರ ಸುಳಿದಿಲ್ಲ. ಕಬ್ಬಿಣದ ತೋಳಿನ ಕೀಲು ಎಷ್ಟು ಡಿಗ್ರಿ ತಿರುಗಿದೆ ಎಂದು ಅಳೆದರೆ ತುದಿ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಕೀಲೇ ಇಲ್ಲದ ತೋಳಿನಲ್ಲಿ ಆ ಲೆಕ್ಕ ಬಹಳ ಕಷ್ಟ. ಅಂಗವೊಂದಕ್ಕೆ ತಾಗಿದ ತಕ್ಷಣ ತೋಳಿನ ಆಕಾರವೇ ಬದಲಾಗುತ್ತದೆ. ತಾಗಿದ್ದು ಏನು, ಎಷ್ಟು ಗಟ್ಟಿ ಎಂದು ತೋಳಿಗೇ ಅರಿವಾಗಬೇಕು, ಅದಕ್ಕೆ ಚರ್ಮದಂಥ ಸಂವೇದಕ ಬೇಕು. 2025ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಂಡವೊಂದು ಒಂದೇ ನೊರೆಯಂಥ ವಸ್ತುವನ್ನು ಬೇರೆ ಬೇರೆ ಜಾಲರಿ ವಿನ್ಯಾಸದಲ್ಲಿ ಮುದ್ರಿಸಿ, ಬಾಗುವ ತಿರುಚುವ ಸೊಂಡಿಲುಳ್ಳ ಪುಟ್ಟ ಆನೆಯನ್ನೇ ಮಾಡಿತು. ಮುದ್ದಾಗಿದೆ, ಮುಂದಕ್ಕೆ ದೊಡ್ಡ ಹೆಜ್ಜೆಯೂ ಹೌದು. ಆದರೆ ಕತ್ತಲ ಗೋಡೌನಿನಲ್ಲಿ ಯೂರಿಯಾ ಯಾವುದು, ಭತ್ತ ಯಾವುದು ಎಂದು ಮೂಸಿ ಮುಟ್ಟಿ ಆರಿಸುವ ಶಕ್ತಿ ಅದಕ್ಕಿಲ್ಲ.

ಆ ಶಕ್ತಿ ಇರುವ ಜೀವಿ ಆಲೂರು, ಸಕಲೇಶಪುರದ ತೋಟಗಳಲ್ಲಿ ನಮ್ಮ ನಡುವೆಯೇ ಓಡಾಡುತ್ತಿದೆ. ಇದು ಸುಖದ ನೆರೆಹೊರೆಯಲ್ಲ. ಕಾಫಿ ಕೊಯ್ಲಿಗೆ ಹೋದ ಕೂಲಿಯವರು ಮನೆಗೆ ಮರಳದ ದಿನಗಳನ್ನು ಈ ಊರುಗಳು ಕಂಡಿವೆ. 8 ಬಾರಿ ದಸರೆಯ ಚಿನ್ನದ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯ ತಿವಿತಕ್ಕೇ ಸತ್ತ. ಭತ್ತ ಕಳೆದುಕೊಂಡ ರೈತನಿಗೆ ಸೊಂಡಿಲಿನ ಸ್ನಾಯುವಿನ ಲೆಕ್ಕ ಹೇಳಿ ಸಮಾಧಾನ ಮಾಡಲಾಗದು, ಪರಿಹಾರವೇ ಬೇಕು. ಆದರೆ ಈ ಪ್ರಾಣಿಯನ್ನು ನಷ್ಟದ ಬಾಬತ್ತಿನಲ್ಲಿ ಮಾತ್ರ ಬರೆದುಕೊಳ್ಳುವುದು ದೊಡ್ಡ ತಪ್ಪು ಎಂದು ನಾನು ನಂಬಿದ್ದೇನೆ. ಮುಂದೊಂದು ದಿನ ನಮ್ಮಲ್ಲೊಬ್ಬರ ಹೊಟ್ಟೆಯೊಳಗಿನ ಗಡ್ಡೆಯನ್ನು ನೋವಿಲ್ಲದೆ ತೆಗೆಯುವ ಕೈ, ತಾನು ಕಲಿತದ್ದು ಈ ಆನೆಯಿಂದ ಎಂದು ಹೇಳುವಂತಿರಬೇಕು. ಅಲ್ಲಿಯವರೆಗೆ ಕಲಿಸುವ ಆನೆಯೂ ಇರಬೇಕು.

ಮಾವ ಈಗ ಕಿಂಡಿಗೆ ಕಬ್ಬಿಣದ ಸರಳು ಹಾಕಿಸಿ, ಭತ್ತವನ್ನು ಮನೆಯ ಒಳಕೋಣೆಗೆ ಸಾಗಿಸಿದ್ದಾರೆ. ಗೋಡೆಯ ಮೇಲಿನ ಮಣ್ಣಿನ ಗೆರೆ ಒಣಗಿ ಹಾಗೇ ಉಳಿದಿದೆ. ಕಿಂಡಿಯಿಂದ ಇಳಿದು, ಚೀಲಗಳನ್ನು ಬಳಸಿ, ಬೇಕಾದಲ್ಲಿ ಹೋಗಿ ನಿಂತ ಗೆರೆ. ಅಂಥ ಒಂದು ಗೆರೆಯನ್ನು ತಪ್ಪಿಲ್ಲದೆ ಎಳೆಯಬಲ್ಲ ಯಂತ್ರ ಇನ್ನೂ ಆಗಬೇಕಿದೆ. ಈ ಸಲ ಸುಣ್ಣ ಹೊಡೆಸುವಾಗ ಅದೊಂದನ್ನು ಬಿಟ್ಟು ಹೊಡೆಸಿ ಎಂದು ಮಾವನಿಗೆ ಹೇಳಿ ಬಂದಿದ್ದೇನೆ.