ಪಾತ್ರಕ್ಕೆ ಎಷ್ಟು ಕಟ್ಟಳೆ ಬೇಕು?

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗನೂ ಅವನ ಗೆಳೆಯರೂ ಊಟದ ಮೇಜಿನ ಸುತ್ತ ಕುಳಿತು ವಿಚಿತ್ರವಾದ ಆಟವೊಂದನ್ನು ಆಡುತ್ತಿದ್ದರು. ಮಣೆಯಿಲ್ಲ, ಕಾಯಿಗಳಿಲ್ಲ, ಕಾಗದ, ಪೆನ್ಸಿಲು, ದಾಳಗಳು ಮಾತ್ರ. ಒಬ್ಬನು ಕಥೆಯ ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ತಾವೇನು ಮಾಡುವೆವೆಂದು ನುಡಿಯುತ್ತಾರೆ. ಫಲ ಸಂದಿಗ್ಧವಾದಾಗ ದಾಳ ಉರುಳುತ್ತದೆ. ತಾಳಮದ್ದಳೆಯ ಅರ್ಥಧಾರಿಗೆ ಪ್ರಸಂಗದ ಪದ್ಯ ಹೇಗೋ ಹಾಗೆ ಇವರಿಗೆ ನಿಯಮದ ಪುಸ್ತಕ. "ತಾತ, ನೀವೂ ಬನ್ನಿ" ಎಂದರು, ಹೋಗಿ ಕುಳಿತೆ.

ಈ ಬಗೆಯ ಆಟಗಳಿಗೆ ದಾರಿ ತೆರೆದದ್ದು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರಾಗನ್ಸ್'. ಆಗ ಅದು 3 ಚಿಕ್ಕ ಪುಸ್ತಿಕೆಗಳಷ್ಟೇ. ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು ಎಂಬ 6 ಗುಣಗಳು. ಒಂದೊಂದಕ್ಕೂ 3 ದಾಳಗಳ ಮೊತ್ತವೇ ಅಂಕ. ಯೋಧ, ಮಾಂತ್ರಿಕ, ಪುರೋಹಿತ—ಇವರಲ್ಲೊಬ್ಬನನ್ನು ಆರಿಸಿಕೊಂಡರೆ ಪಾತ್ರ ಸಿದ್ಧ.

ಮೊದಲ ದಿನ ನಾವು ಆಡಿದ್ದು ಇಂತಹ ಸರಳ ಕ್ರಮದಲ್ಲಿ. ಹತ್ತೇ ನಿಮಿಷದಲ್ಲಿ ನನ್ನ ಯೋಧ ಹುಟ್ಟಿದ. ಬಲದ ಅಂಕ ಬರಿಯ 6! ಸೆರೆಮನೆಯ ಕಿಟಕಿಯ ಸರಳುಗಳನ್ನು ಬಗ್ಗಿಸಲು ಅವನಿಂದಾಗದು. ಒದ್ದೆ ಬಟ್ಟೆಯನ್ನು ಸರಳುಗಳಿಗೆ ಬಿಗಿದು ಕೋಲಿನಿಂದ ತಿರುಚುವೆನೆಂದೆ. ಒಪ್ಪಿಗೆಯಾಯಿತು. ಅವನು ಯುಕ್ತಿವಂತನೆಂಬುದು ನನಗೂ ಆಗಲೇ ತಿಳಿದದ್ದು. ಕಾಗದದಲ್ಲಿ ಅದು ಬರೆದಿರಲಿಲ್ಲ.

ಮರುವಾರ ದಪ್ಪ ಪುಸ್ತಕದ ಆಟ. ಪಾತ್ರದ ಹಾಳೆ ತುಂಬುವುದರಲ್ಲೇ ಸಂಜೆ ಕಳೆಯಿತು. ಕಡೆಗೆ ಗೋಡೆಯೊಂದನ್ನು ಏರಹೊರಟಾಗ, "ಹತ್ತುವ ವಿದ್ಯೆಯನ್ನು ನೀವು ಬರೆದುಕೊಂಡಿಲ್ಲ, ತಾತ" ಎಂದ ಮೊಮ್ಮಗ.

ಈ ತೊಡಕು ಹಳೆಯದು. 1975ರ 'ಗ್ರೇಹಾಕ್' ಎಂಬ ಪುರವಣಿಯಲ್ಲಿ ಕಳ್ಳನೆಂಬ ಹೊಸ ಪಾತ್ರ ಬಂದಿತು. ಸದ್ದಿಲ್ಲದೆ ನಡೆಯಲು, ನೆರಳಿನಲ್ಲಿ ಅಡಗಲು ಅವನಿಗೆ ಶೇಕಡಾವಾರು ಅಂಕಗಳು ದೊರೆತವು. ಅದುವರೆಗೆ ಯಾರು ಬೇಕಾದರೂ ಯತ್ನಿಸಬಹುದಾಗಿದ್ದುದು ಕ್ರಮೇಣ ಅವನ ಸೊತ್ತೆನಿಸಿತು. ಒಬ್ಬನಿಗೆ ಹಕ್ಕು ಕೊಡುವ ನಿಯಮ ಉಳಿದವರಿಂದ ಏನನ್ನೋ ಕಸಿಯುತ್ತದೆ. 1986ರ 'ಗರ್ಪ್ಸ್' ಎಂಬ ಆಟವಂತೂ ಪಾತ್ರವನ್ನು ಅಂಗಡಿಯ ಲೆಕ್ಕಕ್ಕೇ ತಂದಿತು: ಸಾಮಾನ್ಯವಾಗಿ 100 ಅಂಕಗಳ ಬಂಡವಾಳ, ಸಾಮರ್ಥ್ಯಕ್ಕೆ ಬೆಲೆ ತೆರಬೇಕು, ಜಿಪುಣತನದಂತಹ ದೌರ್ಬಲ್ಯವನ್ನು ಒಪ್ಪಿಕೊಂಡರೆ ಅಂಕ ಮರಳಿ ಬರುತ್ತದೆ.

ಹಾಗಾದರೆ ಸರಳತೆಯೇ ಮೇಲೆಂದು ತೀರ್ಪು ಕೊಡಬಹುದೆ? ಕೊಡಲು ಹೊರಟಿದ್ದೆ, ತಡೆದವನು ಆ ಗುಂಪಿನಲ್ಲಿದ್ದ, ಮಾತು ತೊದಲುವ ಒಬ್ಬ ಹುಡುಗ. ಮೊದಲ ದಿನ ಅವನು ರಾಜದೂತ. ಶತ್ರುವಿನೊಡನೆ ಸಂಧಿಯ ಮಾತಾಡಬೇಕು. ಅಳುಕುತ್ತ ಎರಡು ವಾಕ್ಯ ನುಡಿದ, ಸಂಧಿ ಮುರಿಯಿತು. ವಾಚಾಳಿಯಾದ ನನಗೆ ಒಲಿದ ಸ್ವಾತಂತ್ರ್ಯ ಅವನಿಗೆ ಶಿಕ್ಷೆಯಾಗಿತ್ತು. ದಪ್ಪ ಪುಸ್ತಕದ ಆಟದಲ್ಲಿ ಅವನ ದೂತನಿಗೆ ವಾಕ್ಚಾತುರ್ಯದ ಅಂಕವಿತ್ತು. ಹುಡುಗ ಉದ್ದೇಶವನ್ನಷ್ಟೇ ಹೇಳಿ ದಾಳ ಎಸೆದ, ಶತ್ರು ತಲೆಬಾಗಿದ. ಆಗ ಅವನ ಮುಖದಲ್ಲಿ ಮೂಡಿದ ಬೆಳಕನ್ನು ನಾನು ಮರೆಯಲಾರೆ.

ನಿಯಮ ಹೆಚ್ಚಾದರೆ ಪಾತ್ರ ಆಟಕ್ಕೆ ಮೊದಲೇ ಮುಗಿದುಹೋಗುತ್ತದೆ; ತೀರ ಕಡಿಮೆಯಾದರೆ ಆಡುವವನು ತನ್ನ ಮಿತಿಯನ್ನು ದಾಟಲಾರ. ಆದುದರಿಂದ ನಿಯಮಗಳೆಷ್ಟು ಎಂದು ಎಣಿಸುವುದಕ್ಕಿಂತ, ಮೇಜಿನ ಸುತ್ತ ಕುಳಿತವರಲ್ಲಿ ಅವು ಯಾರ ಕೈ ಹಿಡಿಯುತ್ತವೆ, ಯಾರ ಕೈ ಕಟ್ಟುತ್ತವೆ ಎಂದು ನೋಡುವುದು ಲೇಸು.