ಎಂಜಿನ್‌ಗೆ ಬೇಡವಾದ ನೀರು

2014ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿರುವ ಜನರಲ್ ಮೋಟಾರ್ಸ್ ಎಂಜಿನ್ ಕಾರ್ಖಾನೆ, ಊರಿನ ನಲ್ಲಿ ನೀರು ತನಗೆ ಬೇಡ ಎಂದಿತು. ಆ ನೀರು ತಾಗಿದರೆ ಬಿಡಿಭಾಗಗಳು ತುಕ್ಕು ಹಿಡಿಯುತ್ತಿದ್ದವು. ಕಾರ್ಖಾನೆಗೆ ಬೇರೆ ಕಡೆಯ ನೀರು ಸಿಕ್ಕಿತು. ಅದೇ ನೀರು ಕುಡಿಯುತ್ತಿದ್ದ ಸುಮಾರು ಒಂದು ಲಕ್ಷ ಜನ ಇನ್ನೊಂದು ವರ್ಷ ಕಾಯಬೇಕಾಯಿತು.

ಜನರಲ್ ಮೋಟಾರ್ಸ್ ಹುಟ್ಟಿದ್ದೇ ಫ್ಲಿಂಟ್‌ನಲ್ಲಿ, 1908ರಲ್ಲಿ. 1960ರ ಹೊತ್ತಿಗೆ ಊರಿನ ಜನಸಂಖ್ಯೆ ಎರಡು ಲಕ್ಷದ ಹತ್ತಿರವಿತ್ತು. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅನುಕೂಲವಿದ್ದ ಬಿಳಿಯರು ಹೊರವಲಯಗಳಿಗೆ ಹೋದರು. ಉಳಿದವರಲ್ಲಿ ಕಪ್ಪು ಜನರೇ ಹೆಚ್ಚು, ಶೇ 40ರಷ್ಟು ಮಂದಿ ಬಡತನದ ರೇಖೆಗಿಂತ ಕೆಳಗಿದ್ದವರು. ಜನ ಅರ್ಧಕ್ಕಿಳಿದರೂ ನೆಲದಡಿಯ ಪೈಪುಗಳು ಅರ್ಧವಾಗುವುದಿಲ್ಲವಲ್ಲ! ಅಷ್ಟೇ ಉದ್ದದ ಪೈಪುಗಳ ಖರ್ಚು ಉಳಿದ ಬಡವರ ಬಿಲ್ ಮೇಲೆ ಬಿತ್ತು.

ಅಮೆರಿಕದಲ್ಲಿ ಸ್ಥಳೀಯ ಸರ್ಕಾರಗಳು ಬಲಿಷ್ಠ ಎಂದು ನಾವು ಪರೀಕ್ಷೆಗೆ ಉರು ಹೊಡೆಯುತ್ತೇವೆ. ಫ್ಲಿಂಟ್‌ನ ಕಥೆ ಬೇರೆಯೇ ಇದೆ. ನಗರ ಸಾಲದಲ್ಲಿದೆ ಎಂದು 2011ರಲ್ಲಿ ಗವರ್ನರ್ ಅಲ್ಲಿಗೆ 'ಎಮರ್ಜೆನ್ಸಿ ಮ್ಯಾನೇಜರ್' ಎಂಬ ಆಡಳಿತಾಧಿಕಾರಿಯನ್ನು ನೇಮಿಸಿದರು. ಜನ ಆರಿಸಿದ ಮೇಯರ್, ಕೌನ್ಸಿಲ್ ಎರಡೂ ಹೆಸರಿಗಷ್ಟೇ ಉಳಿದವು. ಇಂಥ ಅಧಿಕಾರ ಕೊಡುವ ಕಾಯ್ದೆಯನ್ನು 2012ರ ನವೆಂಬರ್‌ನಲ್ಲಿ ರಾಜ್ಯದ ಮತದಾರರು ಜನಮತಗಣನೆಯಲ್ಲಿ ತಿರಸ್ಕರಿಸಿದರು. ಮರು ತಿಂಗಳೇ ಶಾಸನಸಭೆ ಅದರಂಥದೇ ಇನ್ನೊಂದನ್ನು ತಂದಿತು. ಈ ಸಲ ಅದರೊಳಗೆ ಒಂದಿಷ್ಟು ಹಣ ಮಂಜೂರು ಮಾಡುವ ಕಲಮೂ ಇತ್ತು. ಏಕೆಂದರೆ ಹಣ ಮಂಜೂರು ಮಾಡುವ ಕಾಯ್ದೆಯನ್ನು ಅಲ್ಲಿನ ಸಂವಿಧಾನದ ಪ್ರಕಾರ ಜನಮತಕ್ಕೆ ಹಾಕುವಂತಿಲ್ಲ. ಜಾಣತನಕ್ಕೆ ಮೆಚ್ಚಬೇಕು.

ಈ ಆಡಳಿತದಲ್ಲೇ ಹಣ ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಿಂದ ಬರುತ್ತಿದ್ದ ಹ್ಯೂರಾನ್ ಸರೋವರದ ನೀರು ಬಿಟ್ಟು ಫ್ಲಿಂಟ್ ನದಿಯ ನೀರು ಹರಿಸಲಾಯಿತು. ಪೈಪು ಸವೆಯದಂತೆ ಬೆರೆಸಬೇಕಾದ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಪೈಪುಗಳ ಸೀಸ ನೀರಿಗಿಳಿಯಿತು. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕಡಿಮೆಯಾದರೂ ಅಪಾಯವೇ. ಕಂದು ಬಣ್ಣದ ನೀರಿನ ಬಾಟಲಿ ಹಿಡಿದು ಜನ ಸಭೆಗಳಿಗೆ ಹೋದರು. 2015ರ ಮಾರ್ಚ್‌ನಲ್ಲಿ ಕೌನ್ಸಿಲ್ 7–1 ಮತಗಳಿಂದ ಹಳೆಯ ನೀರಿಗೆ ಮರಳಲು ನಿರ್ಣಯಿಸಿತು. ಮ್ಯಾನೇಜರ್ ಒಪ್ಪಲಿಲ್ಲ, ಅಲ್ಲಿಗೆ ಮುಗಿಯಿತು.

ಕೊನೆಗೆ ಬಾಗಿಲು ತೆರೆಸಿದ್ದು ಅಂಕಿಅಂಶ. ನಿವಾಸಿಗಳೇ ಮನೆಮನೆಯ ನೀರಿನ ಮಾದರಿ ಸಂಗ್ರಹಿಸಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ತಂಡಕ್ಕೆ ಕೊಟ್ಟರು. ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಶಾ ಆಸ್ಪತ್ರೆಯಲ್ಲಿ ಮೊದಲೇ ಇದ್ದ ರಕ್ತಪರೀಕ್ಷೆಯ ದಾಖಲೆಗಳನ್ನು ಹೋಲಿಸಿ, ನೀರು ಬದಲಾದ ಮೇಲೆ ಮಕ್ಕಳ ರಕ್ತದಲ್ಲಿ ಸೀಸ ಏರಿದ್ದನ್ನು 2015ರ ಸೆಪ್ಟೆಂಬರ್‌ನಲ್ಲಿ ತೋರಿಸಿದರು. ರಾಜ್ಯದ ಅಧಿಕಾರಿಗಳು ಮೊದಲು ಅವರನ್ನೇ ಅಲ್ಲಗಳೆದರು. ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್ ನೀರು ಮರಳಿ ಬಂತು.

ಮುಂದೆ 60 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರದ ಒಪ್ಪಂದವಾಯಿತು. ಮಾಜಿ ಗವರ್ನರ್ ಸೇರಿದಂತೆ ಹಲವರ ಮೇಲೆ 2021ರಲ್ಲಿ ಹೂಡಿದ್ದ ಕ್ರಿಮಿನಲ್ ಪ್ರಕರಣಗಳು ವಿಚಾರಣೆಯ ಹಂತಕ್ಕೂ ಬಾರದೆ ಬಿದ್ದುಹೋದವು. ಜನರ ಬಾಕಿ ಮಾತ್ರ ಹಾಗೆ ಬಿದ್ದುಹೋಗಲಿಲ್ಲ. 2017ರಲ್ಲಿ ನೀರಿನ ಬಿಲ್ ಕಟ್ಟದ 8,000ಕ್ಕೂ ಹೆಚ್ಚು ಮನೆಗಳಿಗೆ ನೋಟಿಸ್ ಹೋಯಿತು: ಬಾಕಿ ತೀರಿಸದಿದ್ದರೆ ಅದನ್ನು ಮನೆಯ ತೆರಿಗೆಗೆ ಸೇರಿಸಲಾಗುವುದು, ತೆರಿಗೆ ಕಟ್ಟದಿದ್ದರೆ ಮನೆಯನ್ನೇ ಕಳೆದುಕೊಳ್ಳಬಹುದು.